ನಡೆಯುವವರಿಗೊಂದು ಪೇಟೆ: ನದೀತೀರದ ಸಣ್ಣ ಪಟ್ಟಣದ ಯೋಜನೆ, ಆಲುವದ ನಿದರ್ಶನ



ಮಹಾನಗರಗಳ ಸಮಸ್ಯೆಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಬೆಂಗಳೂರು, ಮುಂಬಯಿ, ದೆಹಲಿಗಳ ರಸ್ತೆಗಳೂ ಮೇಲುಸೇತುವೆಗಳೂ ದಿನವೂ ಪತ್ರಿಕೆಗಳಲ್ಲಿ ಸ್ಥಾನ ಪಡೆಯುತ್ತವೆ. ಆದರೆ ನದಿಯ ದಡದಲ್ಲಿ ಬೆಳೆದ, ಇಪ್ಪತ್ತು ಮೂವತ್ತು ಸಾವಿರ ಜನವಸತಿಯುಳ್ಳ ಸಣ್ಣ ಪಟ್ಟಣವೊಂದರ ಪೇಟೆಬೀದಿ ಹೇಗಿರಬೇಕು, ಅಲ್ಲಿ ವೃದ್ಧರೂ ಮಕ್ಕಳೂ ನಿರ್ಭಯವಾಗಿ ನಡೆದಾಡಬಲ್ಲರೇ, ಸಂಜೆಯ ಹೊತ್ತು ನಾಲ್ಕು ಮಂದಿ ನಿಂತು ಮಾತನಾಡಲು ಅಲ್ಲಿ ಸ್ಥಳವುಂಟೇ ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಇಂದಿನ ಮಾತಿಗೆ ಈ ಪ್ರಶ್ನೆಗಳನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ನಿದರ್ಶನವಾಗಿ ನೆರೆಯ ಕೇರಳ ರಾಜ್ಯದ ಎರ್ನಾಕುಲಂ ಜಿಲ್ಲೆಯ ಆಲುವ ಪಟ್ಟಣವನ್ನು ತೆಗೆದುಕೊಂಡಿದ್ದೇನೆ.

ಆಲುವ ಕನ್ನಡಿಗರಿಗೆ ತೀರ ಅಪರಿಚಿತವಾದ ಊರಲ್ಲ. ಮಂಗಳೂರಿನಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಹೋಗುವವರು ಎರ್ನಾಕುಲಂ ತಲುಪುವುದಕ್ಕೆ ಸ್ವಲ್ಪ ಮೊದಲು ವಿಶಾಲವಾದ ನದಿಯೊಂದನ್ನು ದಾಟಿ ಆಲುವ ನಿಲ್ದಾಣಕ್ಕೆ ಬರುತ್ತಾರೆ. ಆ ನದಿಯೇ ಪೆರಿಯಾರ್. 244 ಕಿಲೋಮೀಟರ್ ಉದ್ದದ ಈ ನದಿ ಕೇರಳದ ಅತ್ಯಂತ ಉದ್ದವಾದ ನದಿ. ಇದರ ಮೇಲ್ದಂಡೆಯಲ್ಲಿಯೇ ಆದಿಶಂಕರರ ಜನ್ಮಸ್ಥಳವಾದ ಕಾಲಡಿ ಇದೆ. 1910ರಲ್ಲಿ ಶೃಂಗೇರಿಯ ಜಗದ್ಗುರು ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು ಅಲ್ಲಿ ದೇವಾಲಯಗಳನ್ನು ಪ್ರತಿಷ್ಠಾಪಿಸಿದಂದಿನಿಂದ ತುಂಗಾತೀರದವರು ಪೆರಿಯಾರ್ ತೀರಕ್ಕೆ ಯಾತ್ರೆ ಹೋಗುವುದು ರೂಢಿಯಾಗಿದೆ.

ಊರಿನ ಪರಿಚಯ

ಆಲುವ ಪೌರಸಭೆಯ ವಿಸ್ತೀರ್ಣ 7 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. 2011ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 22,400. ಪೆರಿಯಾರ್ ನದಿ ಇಲ್ಲಿಯೇ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮಂಗಲಪ್ಪುಳ ಎಂಬ ಹೆಸರಿನಿಂದ ಉತ್ತರ ದಿಕ್ಕಿಗೆ ಸರಿಯುತ್ತದೆ. ಇನ್ನೊಂದು ಪಟ್ಟಣವನ್ನು ಬಳಸಿಕೊಂಡು ಏಲೂರಿನ ಕೈಗಾರಿಕಾ ಪ್ರದೇಶದ ಕಡೆಗೆ ಹರಿಯುತ್ತದೆ. ಈ ಎರಡನೆಯ ಕವಲಿನ ಮೇಲೆ 1940ರಲ್ಲಿ ಮಾರ್ತಾಂಡ ವರ್ಮ ಸೇತುವೆ ನಿರ್ಮಾಣವಾಯಿತು. ಕಮಾನುಗಳ ಈ ಸೇತುವೆಯ ಪಕ್ಕದಲ್ಲಿ ಈಚೆಗೆ ಅದೇ ಮಾದರಿಯ ಇನ್ನೊಂದು ಸೇತುವೆ ಕಟ್ಟಿ, ಹೆದ್ದಾರಿಯ ವಾಹನಗಳನ್ನು ಎರಡರ ನಡುವೆ ಹಂಚಲಾಗಿದೆ.

ಹಿಂದಿನ ಕಾಲದಲ್ಲಿ ಆಲುವ ತಿರುವಾಂಕೂರು ಸಂಸ್ಥಾನಕ್ಕೆ ಸೇರಿತ್ತು. ಕೆಲವೇ ಮೈಲಿಗಳಾಚೆಯ ಎರ್ನಾಕುಲಂ ಕೊಚ್ಚಿ ಸಂಸ್ಥಾನದ್ದು. ನದಿಯ ತಂಪಿಗಾಗಿ ತಿರುವಾಂಕೂರಿನ ಅರಸರು ದಡದಲ್ಲಿ ಅರಮನೆ ಕಟ್ಟಿಸಿದ್ದರು. ಅದು ಮುಂದೆ ಸರ್ಕಾರಿ ಅತಿಥಿಗೃಹವಾಯಿತು. 1902ರಲ್ಲಿ ಷೊರನೂರಿನಿಂದ ಕೊಚ್ಚಿಗೆ ರೈಲುಮಾರ್ಗ ಬಂದಿತು. 1913ರಲ್ಲಿ ಶ್ರೀ ನಾರಾಯಣ ಗುರುಗಳು ನದಿಯ ದಡದಲ್ಲಿ ಅದ್ವೈತಾಶ್ರಮವನ್ನು ಸ್ಥಾಪಿಸಿದರು. 1921ರಲ್ಲಿ ಯೂನಿಯನ್ ಕ್ರಿಶ್ಚಿಯನ್ ಕಾಲೇಜು ಪ್ರಾರಂಭವಾಯಿತು. 1924ರ ಶಿವರಾತ್ರಿಯ ಸಂದರ್ಭದಲ್ಲಿ ಗುರುಗಳು ಆಶ್ರಮದಲ್ಲಿ ಸರ್ವಮತ ಸಮ್ಮೇಳನವನ್ನು ನಡೆಸಿದರು. ವಾದ ಮಾಡಿ ಗೆಲ್ಲುವುದಕ್ಕಲ್ಲ, ಪರಸ್ಪರ ಅರಿಯುವುದಕ್ಕಾಗಿ ಸೇರಿದ್ದೇವೆಂಬುದು ಆ ಸಮ್ಮೇಳನದ ಆಶಯವಾಗಿತ್ತು. ಭಿನ್ನಭಿನ್ನ ಜನರು ಒಂದೆಡೆ ಸೇರುವುದೇ ಪೇಟೆಯ ಲಕ್ಷಣವೆಂದು ಒಪ್ಪುವುದಾದರೆ ಆಲುವಕ್ಕೆ ಈ ಲಕ್ಷಣ ಬಹುಕಾಲದಿಂದ ಇದೆ.

ಇಂದಿನ ಆಲುವ ಸಂಚಾರದ ದೊಡ್ಡ ಸಂಧಿಸ್ಥಾನ. ರಾಷ್ಟ್ರೀಯ ಹೆದ್ದಾರಿ 544 ಇಲ್ಲಿ ಹಾದುಹೋಗುತ್ತದೆ. ಮುನ್ನಾರ್ ಕಡೆಗೂ ಪರವೂರ್ ಕಡೆಗೂ ಇಲ್ಲಿಂದ ರಸ್ತೆಗಳಿವೆ. 1999ರಲ್ಲಿ ನೆಡುಂಬಾಶ್ಶೇರಿಯಲ್ಲಿ ಕೊಚ್ಚಿಯ ವಿಮಾನ ನಿಲ್ದಾಣ ಪ್ರಾರಂಭವಾದಾಗ ಅದಕ್ಕೆ ಹತ್ತಿರದ ಪಟ್ಟಣಗಳಲ್ಲಿ ಆಲುವವೂ ಒಂದಾಯಿತು. 2017ರ ಜೂನ್ 17ರಂದು ಕೊಚ್ಚಿ ಮೆಟ್ರೊ ಮೊದಲು ಉದ್ಘಾಟನೆಯಾದದ್ದು ಆಲುವದಿಂದ ಪಾಲಾರಿವಟ್ಟಂವರೆಗಿನ 13 ಕಿಲೋಮೀಟರ್ ಮಾರ್ಗದಲ್ಲಿ. 2024ರ ಮಾರ್ಚ್‌ನಲ್ಲಿ ಆ ಮಾರ್ಗ ತ್ರಿಪ್ಪೂಣಿತ್ತುರದವರೆಗೆ ವಿಸ್ತಾರಗೊಂಡು ಒಟ್ಟು 28 ಕಿಲೋಮೀಟರ್ ಆಯಿತು.

ರೈಲು, ಮೆಟ್ರೊ, ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ಮಾರುಕಟ್ಟೆ, ನದಿ — ಇವೆಲ್ಲವೂ ಇಲ್ಲಿ ಒಂದೆರಡು ಕಿಲೋಮೀಟರುಗಳ ಒಳಗೇ ಇವೆ. ಸಾಧಾರಣ ವೇಗದಲ್ಲಿ ನಡೆಯುವವನು ಐದು ನಿಮಿಷಕ್ಕೆ ಸುಮಾರು 400 ಮೀಟರ್ ನಡೆಯುತ್ತಾನೆ. ಅಂದರೆ ಆಲುವದ ಮುಖ್ಯ ಸ್ಥಳಗಳಲ್ಲಿ ಯಾವುದರಿಂದ ಯಾವುದಕ್ಕೆ ಹೋಗುವುದಾದರೂ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗದು. ಅನೇಕ ದೊಡ್ಡ ನಗರಗಳು ಕೋಟ್ಯಂತರ ರೂಪಾಯಿ ವೆಚ್ಚ ಮಾಡಿದರೂ ಪಡೆಯಲಾಗದ ಈ ಸಾಮೀಪ್ಯ ಆಲುವಕ್ಕೆ ಇತಿಹಾಸವು ತಾನಾಗಿ ಕೊಟ್ಟ ಸಂಪತ್ತು.

ಪೇಟೆಯೋ, ಬರಿಯ ಹಾದಿಯೋ?

ಸಂಧಿಸ್ಥಾನವಾಗುವುದರಲ್ಲಿ ಲಾಭವಿರುವಂತೆ ಅಪಾಯವೂ ಇದೆ. ಬಂದವರೆಲ್ಲರೂ ಒಂದು ವಾಹನದಿಂದ ಇಳಿದು ಇನ್ನೊಂದನ್ನು ಹತ್ತಿ ಹೊರಟುಹೋದರೆ ಊರಿಗೆ ಉಳಿಯುವುದು ಧೂಳು ಮತ್ತು ಸದ್ದು. ಆಲುವದಿಂದ ಮೆಟ್ರೊ ಹತ್ತಿದವರು ಇಡಪ್ಪಳ್ಳಿಯ ಬೃಹತ್ ವ್ಯಾಪಾರ ಸಂಕೀರ್ಣವನ್ನು ಬಹುಬೇಗ ತಲುಪುತ್ತಾರೆ. ಅಲ್ಲಿ ನೆರಳಿದೆ, ಶೌಚಾಲಯವಿದೆ, ಕೂರಲು ಸ್ಥಳವಿದೆ, ಮಕ್ಕಳ ಕೈ ಬಿಟ್ಟು ನಡೆಯಬಹುದಾದ ನೆಲವಿದೆ. ತಮ್ಮ ಊರಿನ ಬೀದಿಯಲ್ಲಿ ಇಲ್ಲದ್ದನ್ನು ಹುಡುಕಿಕೊಂಡು ಜನರು ಅಲ್ಲಿಗೆ ಹೋಗುತ್ತಾರೆ. ಆ ಸಂಕೀರ್ಣದೊಳಗೆ ಯಾರೂ ವಾಹನದಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುವುದಿಲ್ಲ, ಎಲ್ಲರೂ ನಡೆಯುತ್ತಾರೆ ಎಂಬುದು ಗಮನಿಸತಕ್ಕ ವಿಷಯ.

2001ರ ಜನಗಣತಿಯಲ್ಲಿ 24,000ಕ್ಕೆ ಮೀರಿದ್ದ ಪಟ್ಟಣದ ಜನಸಂಖ್ಯೆ 2011ರ ವೇಳೆಗೆ ಇಳಿದಿತ್ತು. ಸುತ್ತಲಿನ ಪ್ರದೇಶ ಬೆಳೆಯುತ್ತಿರುವಾಗ ನಡುಪಟ್ಟಣದಲ್ಲಿ ವಾಸಿಸುವವರು ಕಡಿಮೆಯಾಗುವುದು ಆಲೋಚಿಸಬೇಕಾದ ಸಂಗತಿ. ಪೇಟೆಯಲ್ಲಿ ಮನೆಗಳು ತೆರವಾಗಿ ಗೋದಾಮುಗಳಾದರೆ, ಅಂಗಡಿ ಮುಚ್ಚಿದ ಮೇಲೆ ಬೀದಿ ನಿರ್ಜನವಾಗುತ್ತದೆ. ನಿರ್ಜನವಾದ ಬೀದಿಯಲ್ಲಿ ಕೊನೆಯ ಬಸ್ಸಿನಿಂದ ಇಳಿದ ಹೆಣ್ಣುಮಕ್ಕಳು ನಡೆಯಲು ಅಂಜುತ್ತಾರೆ. ಆದ್ದರಿಂದ ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ಸಣ್ಣ ವ್ಯಾಪಾರಿಯ ಜೀವನೋಪಾಯ, ಹೆಣ್ಣುಮಕ್ಕಳ ಸುರಕ್ಷತೆ, ವೃದ್ಧರ ಸ್ವಾತಂತ್ರ್ಯ ಎಲ್ಲವೂ ಇದರಲ್ಲಿ ಅಡಗಿವೆ.

ಶಿವರಾತ್ರಿ ಕಲಿಸುವ ಪಾಠ

ನಡೆಯುವವರಿಗಾಗಿ ಪೇಟೆಯನ್ನು ಅಣಿಗೊಳಿಸುವುದು ಹೇಗೆಂಬುದನ್ನು ಆಲುವ ಹೊರಗಿನವರಿಂದ ಕಲಿಯಬೇಕಾಗಿಲ್ಲ. ಪ್ರತಿ ವರ್ಷ ಮಹಾಶಿವರಾತ್ರಿಯಂದು ಅದು ಈ ಕಾರ್ಯವನ್ನು ಮಾಡಿ ತೋರಿಸುತ್ತದೆ. ನದಿಯ ಮಡಿಲಲ್ಲಿರುವ ವಿಶಾಲವಾದ ಮರಳುದಿಣ್ಣೆಗೆ ಆಲುವ ಮಣಪ್ಪುರಂ ಎಂದು ಹೆಸರು. ಅಲ್ಲಿ ಶಿವನ ಗುಡಿಯಿದೆ. ಶಿವರಾತ್ರಿಯಂದು ಲಕ್ಷಾಂತರ ಜನ ಅಲ್ಲಿ ಸೇರಿ, ರಾತ್ರಿಯೆಲ್ಲ ಜಾಗರಣೆ ಮಾಡಿ, ಬೆಳಗಿನ ಜಾವ ಪಿತೃಗಳಿಗೆ ಬಲಿತರ್ಪಣ ಅರ್ಪಿಸುತ್ತಾರೆ. ಬಳಿಕ ಹಲವು ದಿನಗಳವರೆಗೆ ಅದೇ ಮರಳಿನ ಮೇಲೆ ವ್ಯಾಪಾರದ ಜಾತ್ರೆ ನಡೆಯುತ್ತದೆ.

ಆ ರಾತ್ರಿ ಏನೇನು ವ್ಯವಸ್ಥೆ ಆಗುತ್ತದೆಂಬುದನ್ನು ಗಮನಿಸಿ. ಪೇಟೆಯೊಳಗೆ ವಾಹನ ಸಂಚಾರಕ್ಕೆ ನಿರ್ಬಂಧ ಬರುತ್ತದೆ. ವಿಶೇಷ ಬಸ್ಸುಗಳು ಓಡುತ್ತವೆ. ಈಚಿನ ವರ್ಷಗಳಲ್ಲಿ ಮೆಟ್ರೊ ರೈಲು ಸಹ ರಾತ್ರಿ ಹೆಚ್ಚು ಹೊತ್ತು ಸಂಚರಿಸಿದೆ. ದೀಪ, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಸಿದ್ಧವಾಗುತ್ತವೆ. ನದಿಯನ್ನು ದಾಟಲು ಹಿಂದೆ ಆಯಾ ವರ್ಷ ತಾತ್ಕಾಲಿಕ ಸೇತುವೆ ಕಟ್ಟುತ್ತಿದ್ದರು. ಕಳೆದ ದಶಕದಲ್ಲಿ ಪಾದಚಾರಿಗಳಿಗಾಗಿಯೇ ಶಾಶ್ವತವಾದ ಕಮಾನು ಸೇತುವೆ ಬಂದಿದೆ. ಲಕ್ಷಾಂತರ ಜನರಿಗಾಗಿ ಒಂದು ರಾತ್ರಿ ಇದೆಲ್ಲವನ್ನೂ ಮಾಡಬಲ್ಲ ಊರು, ಕೆಲವು ಸಾವಿರ ಜನರಿಗಾಗಿ ಉಳಿದ ದಿನಗಳಲ್ಲಿ ಇದರ ಹತ್ತರಲ್ಲೊಂದು ಅಂಶವನ್ನು ಮಾಡಲಾರದೇ?

ಮಣಪ್ಪುರಂ ಕಲಿಸುವ ಇನ್ನೊಂದು ಪಾಠವುಂಟು. ಬೇಸಿಗೆಯಲ್ಲಿ ಜಾತ್ರೆಗೆ ನೆಲವಾಗುವ ಆ ದಿಣ್ಣೆ ಮಳೆಗಾಲದಲ್ಲಿ ನದಿಯ ಪಾಲಾಗುತ್ತದೆ. ಪ್ರವಾಹ ಏರಿದಾಗ ಗುಡಿಯೇ ಮುಳುಗುತ್ತದೆ. ಭಕ್ತರು ಅದನ್ನು ದೇವರ ಜಳಕವೆಂದು ಭಾವಿಸಿ ನಮಸ್ಕರಿಸುತ್ತಾರೆ. ಒಂದೇ ನೆಲ ಒಂದು ಋತುವಿನಲ್ಲಿ ಜನರಿಗೆ, ಇನ್ನೊಂದು ಋತುವಿನಲ್ಲಿ ನದಿಗೆ. ನದೀತೀರದ ಪಟ್ಟಣಕ್ಕೆ ಇದಕ್ಕಿಂತ ವಿವೇಕಯುತವಾದ ಯೋಜನಾಸೂತ್ರ ಬೇರೊಂದಿಲ್ಲವೆಂದೇ ನನ್ನ ಭಾವನೆ.

ಕಾಲುದಾರಿಯ ಲೆಕ್ಕಾಚಾರ

ಈ ಸೂತ್ರವನ್ನು ದಿನನಿತ್ಯದ ಪೇಟೆಗೆ ಅನ್ವಯಿಸುವ ಬಗೆಯನ್ನು ನೋಡೋಣ. ಮೊದಲ ಕಾರ್ಯ ಕಾಲುದಾರಿ. ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳಿಗಾಗಿ ಪ್ರಕಟಿಸಿದ 2012ರ ಮಾರ್ಗಸೂಚಿಯಲ್ಲಿ, ಯಾವ ಅಡಚಣೆಯೂ ಇಲ್ಲದ ನಡೆಯುವ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದೂ ಕಾಲುದಾರಿಯ ಎತ್ತರ 150 ಮಿಲಿಮೀಟರಿಗೆ ಮೀರಬಾರದೆಂದೂ ಹೇಳಿದೆ. ಅಂಗಡಿಸಾಲುಗಳ ಮುಂದೆ ಇದಕ್ಕಿಂತ ಹೆಚ್ಚಿನ ಅಗಲ ಬೇಕು. ಈ ಅಂಕಿಗಳು ಆಕಾಶದಿಂದ ಬಂದವಲ್ಲ. 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿಗಳು ಪರಸ್ಪರ ದಾಟಿಹೋಗಲು ಬೇಕಾಗುವ ಅಗಲ. 150 ಮಿಲಿಮೀಟರ್ ಎಂದರೆ ಮೊಣಕಾಲು ನೋವಿರುವ ಮುದುಕಿಯೊಬ್ಬಳು ಯಾರ ಕೈಯನ್ನೂ ಹಿಡಿಯದೆ ಏರಬಹುದಾದ ಮೆಟ್ಟಿಲು.

ನಮ್ಮ ಬಹುಪಾಲು ಪಟ್ಟಣಗಳಲ್ಲಿ ಕಾಲುದಾರಿ ಇಲ್ಲವೆಂದಲ್ಲ, ಅದು ಅಖಂಡವಾಗಿಲ್ಲ. ಐವತ್ತು ಹೆಜ್ಜೆಗೊಮ್ಮೆ ವಿದ್ಯುತ್ ಪೆಟ್ಟಿಗೆ, ಒಡೆದ ಚಪ್ಪಡಿ, ನಿಲ್ಲಿಸಿದ ಬೈಸಿಕಲ್ಲು, ಅಂಗಡಿಯ ಇಳಿಜಾರು. ಹೀಗಾದಾಗ ಜನ ರಸ್ತೆಗಿಳಿಯುತ್ತಾರೆ. ರಸ್ತೆಗಿಳಿದವರನ್ನು ನಾವು ಶಿಸ್ತಿಲ್ಲದವರೆಂದು ದೂರುತ್ತೇವೆ. ಸರಪಳಿಯ ಬಲ ಅದರ ಅತ್ಯಂತ ದುರ್ಬಲವಾದ ಕೊಂಡಿಯಷ್ಟೇ. ಆದಕಾರಣ ಹತ್ತು ಬೀದಿಗಳಲ್ಲಿ ತುಂಡು ತುಂಡಾಗಿ ಕೆಲಸ ಮಾಡುವುದಕ್ಕಿಂತ, ಆಲುವದ ರೈಲು ನಿಲ್ದಾಣದಿಂದ ಪೇಟೆಯ ಮೂಲಕ ಮಣಪ್ಪುರಂ ಸೇತುವೆಯವರೆಗೆ ಒಂದು ದಾರಿ, ಮೆಟ್ರೊ ನಿಲ್ದಾಣದಿಂದ ಮಾರುಕಟ್ಟೆಯವರೆಗೆ ಇನ್ನೊಂದು ದಾರಿ, ಇವೆರಡನ್ನು ಒಂದು ಕಡೆಯೂ ಕಡಿಯದಂತೆ ಪೂರ್ಣಗೊಳಿಸುವುದು ಉತ್ತಮ. ಎರ್ನಾಕುಲಂ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಆದ್ದರಿಂದ ಅಲ್ಲಿನ ಕಾಲುದಾರಿಗೆ ಮಾಡು ಅಥವಾ ಮುಂಚಾಚಿದ ಸೂರು ಇರಬೇಕು. ಹಳೆಯ ಮಲಯಾಳಿ ಅಂಗಡಿಗಳ ಮುಂದಿದ್ದ ಹೆಂಚಿನ ಜಗಲಿಗಳು ಈ ಕೆಲಸವನ್ನೇ ಮಾಡುತ್ತಿದ್ದವು. ನಮ್ಮ ಕರಾವಳಿಯ ಉಡುಪಿ, ಕುಂದಾಪುರಗಳ ಹಳೆಯ ಪೇಟೆಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಎರಡನೆಯದು ರಸ್ತೆ ದಾಟುವ ಸ್ಥಳ. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚು ನಡೆಯಲಾರರು. 15 ಮೀಟರ್ ಅಗಲದ ರಸ್ತೆ ದಾಟಲು ಅವರಿಗೆ 15 ಸೆಕೆಂಡು ಬೇಕು. ರಸ್ತೆಯ ನಡುವೆ ನಿಲ್ಲಲು ಒಂದು ಗಟ್ಟಿಯಾದ ದ್ವೀಪವಿದ್ದರೆ ಆ ಹದಿನೈದು ಸೆಕೆಂಡು ಎರಡು ಸುಲಭವಾದ ಭಾಗಗಳಾಗುತ್ತದೆ. ಕಾಲುಸೇತುವೆ ಹತ್ತಿ ಇಳಿಯಲು ಹೇಳುವುದು ಸುಲಭ. ಆದರೆ ಕೈಯಲ್ಲಿ ತರಕಾರಿ ಚೀಲವಿರುವವರು ಮೂವತ್ತು ಮೆಟ್ಟಿಲು ಏರುವುದಿಲ್ಲ. ನೆಲದ ಮಟ್ಟದಲ್ಲಿಯೇ ದಾಟುವುದು ಪಾದಚಾರಿಯ ಸಹಜವಾದ ಹಕ್ಕು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳ ಸಂಚಾರಕ್ಕಿಂತ ಜನರ ಸಂಚಾರಕ್ಕೆ ಆದ್ಯತೆ ಎಂದು ಹೇಳಿದ್ದರ ಅರ್ಥ ಇದೇ.

ವ್ಯಾಪಾರಿಗಳ ಆತಂಕ

ವಾಹನ ನಿಲ್ಲಿಸಲು ಸ್ಥಳವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲವೆಂಬುದು ವ್ಯಾಪಾರಿಗಳ ಸಾಮಾನ್ಯವಾದ ಆಕ್ಷೇಪಣೆ. ಇದನ್ನು ಗೌರವದಿಂದ ಪರಿಶೀಲಿಸಬೇಕು. ಏಕೆಂದರೆ ನಷ್ಟವಾದರೆ ಅನುಭವಿಸುವವರು ಅವರೇ. ನಿಲ್ಲಿಸಿದ ಒಂದು ಕಾರು ಸುಮಾರು ಹನ್ನೆರಡು ಚದರ ಮೀಟರ್ ನೆಲವನ್ನು ಆಕ್ರಮಿಸುತ್ತದೆ. ಅಂಗಡಿಯ ಎದುರು ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಕಾರು ಅನೇಕ ವೇಳೆ ಗಿರಾಕಿಯದಾಗಿರದೆ ಅಂಗಡಿಕಾರರದೋ ನೌಕರರದೋ ಆಗಿರುತ್ತದೆ. ಅದೇ ನೆಲದಲ್ಲಿ ಹತ್ತು ಬೈಸಿಕಲ್ಲುಗಳು ನಿಲ್ಲಬಹುದು, ಇಲ್ಲವೇ ಮೂರು ನಾಲ್ಕು ತಳ್ಳುಗಾಡಿಗಳವರು ಜೀವನ ಸಾಗಿಸಬಹುದು.

ಕೇರಳದಲ್ಲಿಯೇ ಇದಕ್ಕೆ ನಿದರ್ಶನವಿದೆ. ಕೋಳಿಕ್ಕೋಡಿನ ಪ್ರಸಿದ್ಧವಾದ ಮಿಠಾಯಿ ತೆರುವು 2017ರ ಡಿಸೆಂಬರಿನಲ್ಲಿ ನವೀಕೃತಗೊಂಡು ತೆರೆಯಿತು. ಹಗಲಿನಲ್ಲಿ ವಾಹನ ನಿಷೇಧಿಸಿದ್ದಕ್ಕೆ ಅಲ್ಲಿನ ವ್ಯಾಪಾರಿಗಳು ಮೊದಲು ವಿರೋಧ ವ್ಯಕ್ತಪಡಿಸಿದರು. ಇಂದು ಆ ಬೀದಿಗೆ ಜನ ಕುಟುಂಬಸಮೇತರಾಗಿ ಸಂಜೆ ಕಳೆಯಲೆಂದೇ ಬರುತ್ತಾರೆ. ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಯಲ್ಲಿ 2021ರಿಂದ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲವೆಂಬ ನಿಯಮ ಬಂದಿತು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಬೀದಿಯಾಗಿ ಮಾರ್ಪಟ್ಟದ್ದನ್ನು ತಾವು ನೋಡಿರಬಹುದು.

ಹೊರದೇಶಗಳ ಅನುಭವವೂ ಇದಕ್ಕೆ ಹೊಂದಿಕೊಂಡಿದೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ 1962ರಲ್ಲಿ ಸ್ಟ್ರಾಯೆಟ್ ಎಂಬ, ಒಂದು ಕಿಲೋಮೀಟರಿಗೆ ಮೀರಿದ ಪೇಟೆಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಚಳಿಯ ನಾಡಿನಲ್ಲಿ ಬೀದಿಯಲ್ಲಿ ಯಾರು ಸುತ್ತಾಡಿಯಾರೆಂದು ಅಲ್ಲಿಯೂ ವ್ಯಾಪಾರಿಗಳು ಶಂಕಿಸಿದ್ದರು. ಶಂಕೆ ನಿಜವಾಗಲಿಲ್ಲ, ಬೀದಿ ತುಂಬಿತು, ನಂತರದ ದಶಕಗಳಲ್ಲಿ ಸುತ್ತಲಿನ ಬೀದಿಗಳೂ ಒಂದೊಂದಾಗಿ ಅದನ್ನು ಹಿಂಬಾಲಿಸಿದವು. ಒಂದೊಂದಾಗಿ ಎಂಬ ಮಾತು ಮುಖ್ಯ. ಒಂದೇ ದಿನದಲ್ಲಿ ಇಡೀ ಪೇಟೆಯನ್ನು ಬದಲಾಯಿಸಲು ಅಲ್ಲಿ ಯಾರೂ ಹೊರಡಲಿಲ್ಲ.

ಆಲುವದಂಥ ಊರಿನಲ್ಲಿ ಸರಕಿನ ಲಾರಿಗಳಿಗೆ ಬೆಳಗಿನ ಜಾವದ ವೇಳೆ ನಿಗದಿಪಡಿಸಬಹುದು. ಕಾರುಗಳಿಗೆ ಪೇಟೆಯ ಅಂಚಿನಲ್ಲಿ, ಐದು ನಿಮಿಷದ ನಡಿಗೆಯೊಳಗೆ, ಶುಲ್ಕದ ನಿಲುಗಡೆ ಒದಗಿಸಬಹುದು. ಆಂಬ್ಯುಲೆನ್ಸ್, ಅಗ್ನಿಶಾಮಕ ದಳ ಮತ್ತು ಅಂಗವಿಕಲರ ವಾಹನಗಳಿಗೆ ಎಲ್ಲ ಕಾಲಕ್ಕೂ ಪ್ರವೇಶವಿರಬೇಕು. ಮೊದಲು ಭಾನುವಾರಗಳಲ್ಲಿ, ಅನಂತರ ಹಬ್ಬದ ವಾರಗಳಲ್ಲಿ ಪ್ರಯೋಗ ನಡೆಸಿ, ವ್ಯಾಪಾರಿಗಳ ಸಂಘದೊಡನೆ ಕುಳಿತು ಮಾರಾಟದ ಲೆಕ್ಕವನ್ನು ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡಬಹುದು.

ಬೀದಿಗೆ ಜೀವ ತುಂಬುವವರು

ಅಗಲವಾದ ಕಾಲುದಾರಿಯನ್ನು ಹಾಸಿದ ಮಾತ್ರಕ್ಕೆ ಬೀದಿ ಜೀವಂತವಾಗುವುದಿಲ್ಲ. ಬೀದಿಗೆ ಜೀವ ಬರುವುದು ಅಲ್ಲಿ ನಿಲ್ಲಲು ಕಾರಣವಿದ್ದಾಗ. ಚಹದಂಗಡಿ, ಪುಸ್ತಕದಂಗಡಿ, ಹೂವಿನವಳು, ಚಪ್ಪಲಿ ಹೊಲಿಯುವವನು, ಪತ್ರಿಕೆ ಓದುವ ವಾಚನಾಲಯ, ನೆರಳಿನ ಮರ, ಮರದ ಕೆಳಗೊಂದು ಕಟ್ಟೆ — ಇವು ಆ ಕಾರಣಗಳು. ವಾಚನಾಲಯಗಳ ನಾಡಾದ ಕೇರಳದಲ್ಲಿ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಬೀದಿ ವ್ಯಾಪಾರಿಗಳನ್ನು ಅಡಚಣೆಯೆಂದು ಎತ್ತಂಗಡಿ ಮಾಡುವುದು ಸುಂದರೀಕರಣದ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವ ಕಾರ್ಯ. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ರಾತ್ರಿ ಹತ್ತು ಗಂಟೆಗೆ ಬೀದಿಯ ಮೂಲೆಯಲ್ಲಿ ದೋಸೆಯ ಗಾಡಿಯೊಂದು ಇದ್ದರೆ, ಅಲ್ಲಿ ಬೆಳಕಿರುತ್ತದೆ, ನಾಲ್ಕು ಜನರಿರುತ್ತಾರೆ, ಹಾದುಹೋಗುವ ಒಂಟಿ ಹೆಣ್ಣಿಗೆ ಧೈರ್ಯವಿರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪ್ರತಿ ಊರಿನಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು. ಎಲ್ಲಿ ಗಾಡಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಈ ಸಮಿತಿ ಗೆರೆ ಎಳೆದು ನಿರ್ಣಯಿಸಿದರೆ ನಡೆಯುವವರಿಗೂ ಮಾರುವವರಿಗೂ ಹಿತ.

ತಿರುವನಂತಪುರದ ಮಾನವೀಯಂ ವೀಥಿಯ ಹೆಸರನ್ನು ಇಲ್ಲಿ ಹೇಳಬೇಕು. ವೆಳ್ಳಯಂಬಲದ ಬಳಿಯ ಈ ಚಿಕ್ಕ ರಸ್ತೆಯನ್ನು ಕಲಾವಿದರೂ ನಾಟಕಕಾರರೂ 2000ದ ದಶಕದ ಪ್ರಾರಂಭದಿಂದ ತಮ್ಮ ಕೂಟದ ಸ್ಥಳವಾಗಿ ಮಾಡಿಕೊಂಡರು. ಹಾಡು, ಬೀದಿನಾಟಕ, ಚಿತ್ರ, ಪುಸ್ತಕ ಇವು ಅಲ್ಲಿ ನೆಲೆಗೊಂಡವು. ಸರ್ಕಾರ ಅದನ್ನು ನವೀಕರಿಸಿ 2023ರಲ್ಲಿ ರಾತ್ರಿ ಜೀವನದ ಬೀದಿಯಾಗಿ ತೆರೆಯಿತು. ಜನ ಮೊದಲು ಬಂದರು, ಕಲ್ಲುಹಾಸು ಆಮೇಲೆ ಬಂದಿತು. ಈ ಕ್ರಮವೇ ಸರಿಯಾದದ್ದು. ಜೊತೆಗೆ ರಾತ್ರಿಯ ಗದ್ದಲದಿಂದ ಸುತ್ತಲಿನ ನಿವಾಸಿಗಳಿಗೆ ತೊಂದರೆಯಾಗದಂತೆ ವೇಳೆಯನ್ನೂ ಧ್ವನಿಯನ್ನೂ ಮಿತಿಗೊಳಿಸುವ ಅವಶ್ಯಕತೆಯನ್ನೂ ಆ ಬೀದಿ ತೋರಿಸಿದೆ.

ನಿವಾಸಿಗಳನ್ನು ಪೇಟೆಯಲ್ಲಿ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಹಳೆಯ ಪದ್ಧತಿಗೆ ಕಟ್ಟಡ ನಿಯಮಗಳು ಉತ್ತೇಜನ ಕೊಡಬೇಕು. ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೂ ಕೆಲಸಕ್ಕೆ ಬರುವ ಮಹಿಳೆಯರಿಗೂ ವಸತಿಗೃಹಗಳು ಪೇಟೆಯೊಳಗೇ ಇದ್ದರೆ ಸಂಜೆಯ ಬೀದಿ ತಾನಾಗಿ ತುಂಬುತ್ತದೆ.

ನದಿಗೆ ಅದರ ಪಾಲು

ಇನ್ನು ನದಿಯ ಮಾತು. ನದೀತೀರದ ಅಭಿವೃದ್ಧಿ ಎಂದೊಡನೆ ಕಾಂಕ್ರೀಟಿನ ಎತ್ತರವಾದ ಗೋಡೆ ಮತ್ತು ಅದರ ಮೇಲೆ ದೀಪದ ಕಂಬಗಳು ಅನೇಕರ ಮನಸ್ಸಿಗೆ ಬರುತ್ತವೆ. ಆಲುವದ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಸರ್ವಮತ ಸಮ್ಮೇಳನ ನಡೆದ 1924ರಲ್ಲಿಯೇ, ಜುಲೈ ತಿಂಗಳಿನಲ್ಲಿ, ಕೇರಳವನ್ನು ಮಹಾಪ್ರವಾಹ ಮುಳುಗಿಸಿತು. ಕೊಲ್ಲಂ ವರ್ಷ 1099ರಲ್ಲಿ ನಡೆದುದರಿಂದ ಅದನ್ನು ತೊಂಬತ್ತೊಂಬತ್ತರ ಪ್ರವಾಹವೆಂದೇ ಕರೆಯುತ್ತಾರೆ. ಅದೇ ಮಳೆಗಾಲದಲ್ಲಿ ನಮ್ಮ ಕಾವೇರಿಯೂ ಉಕ್ಕಿ ಹರಿದಿತ್ತು. 2018ರ ಆಗಸ್ಟ್‌ನಲ್ಲಿ ಮತ್ತೆ ಅಂಥದೇ ಆಪತ್ತು ಬಂದಿತು. 26 ವರ್ಷಗಳ ನಂತರ ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆಯಬೇಕಾಯಿತು. ಪೆರಿಯಾರ್ ಆಲುವ ಪಟ್ಟಣದೊಳಕ್ಕೆ ನುಗ್ಗಿತು. ಮುಟ್ಟಂ ಯಾರ್ಡಿಗೆ ನೀರು ಬಂದು ಮೆಟ್ರೊ ಸಂಚಾರ ಕೆಲಕಾಲ ನಿಂತಿತು. ಕೊಚ್ಚಿ ವಿಮಾನ ನಿಲ್ದಾಣ ಎರಡು ವಾರಗಳ ಕಾಲ ಮುಚ್ಚಿತ್ತು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ ಆಗಬಾರದು. ನದಿಯ ಅಂಚಿನಲ್ಲಿ ಶಾಶ್ವತ ಕಟ್ಟಡಗಳನ್ನು ಕಟ್ಟದೆ, ಮೆಟ್ಟಿಲುಮೆಟ್ಟಿಲಾದ ಘಟ್ಟ, ಹುಲ್ಲುಹಾಸು, ಮರಗಳ ಸಾಲು, ಮುಳುಗಿದರೂ ಕೆಡದ ಕಲ್ಲಿನ ನಡಿಗೆದಾರಿ, ಕಳಚಿ ಒಯ್ಯಬಹುದಾದ ಅಂಗಡಿಗಳು ಇಷ್ಟನ್ನೇ ಇಡಬೇಕು. ನೀರು ಬಂದಾಗ ಅದು ಬರಲಿ. ಇಳಿದ ಮೇಲೆ ಕೆಸರು ತೊಳೆದು ಮತ್ತೆ ನಡೆಯೋಣ. ನೆದರ್ಲೆಂಡ್ಸ್ ದೇಶದವರು ಶತಮಾನಗಳ ಕಾಲ ಒಡ್ಡು ಎತ್ತರಿಸಿ, ಕೊನೆಗೆ ನದಿಗೆ ಜಾಗ ಬಿಡುವ ನೀತಿಗೆ ಬಂದರು; 2018ರ ಬಳಿಕ ಕೇರಳ ಸರ್ಕಾರವೂ ಆ ವಿಚಾರವನ್ನು ಸ್ವೀಕರಿಸಿತು. ಮಣಪ್ಪುರಂ ಅದನ್ನು ಬಹು ಹಿಂದಿನಿಂದ ಆಚರಿಸುತ್ತ ಬಂದಿದೆ.

ಪ್ರವಾಹದ ಎಚ್ಚರಿಕೆಯೂ ಪೇಟೆಯ ಅಂಗವಾಗಬೇಕು. 1924 ಮತ್ತು 2018ರ ನೀರಿನ ಮಟ್ಟವನ್ನು ಬೀದಿಬೀದಿಯ ಗೋಡೆಗಳ ಮೇಲೆ ಗುರುತಿಸಿ, ಎತ್ತರದ ಸುರಕ್ಷಿತ ಸ್ಥಳಕ್ಕೆ ನಡೆದು ಹೋಗುವ ದಾರಿಯನ್ನು ಬಾಣದ ಗುರುತಿನಿಂದ ತೋರಿಸಬಹುದು. ವೆಚ್ಚ ಅಲ್ಪ, ಪ್ರಯೋಜನ ಅಪಾರ.

ನದಿಯ ನೀರು ಶುಚಿಯಾಗಿರದಿದ್ದರೆ ಈ ಯೋಜನೆಯೆಲ್ಲ ವ್ಯರ್ಥ. ಕೊಚ್ಚಿ ನಗರದ ಕುಡಿಯುವ ನೀರು ಬಹುಪಾಲು ಆಲುವದಲ್ಲಿ ಪೆರಿಯಾರಿನಿಂದ ಎತ್ತಿದ ನೀರು. ಕೆಳಭಾಗದ ಏಲೂರು ಪ್ರದೇಶದಲ್ಲಿ 2024ರ ಮೇ ತಿಂಗಳಲ್ಲಿ ಮೀನುಗಳು ಅಪಾರ ಪ್ರಮಾಣದಲ್ಲಿ ಸತ್ತು ತೇಲಿದಾಗ ಮೀನುಗಾರರು ಬೀದಿಗಿಳಿದರು. ಪೇಟೆಯ ಚರಂಡಿಗಳು ಶುದ್ಧೀಕರಣವಿಲ್ಲದೆ ನದಿಗೆ ಸೇರದಂತೆ ತಡೆಯುವುದು ಕಾಲುದಾರಿಯಷ್ಟೇ ಮುಖ್ಯವಾದ ಕೆಲಸ. ದುರ್ಗಂಧವಿರುವ ದಡದಲ್ಲಿ ಎಂಥ ಸುಂದರವಾದ ನಡಿಗೆದಾರಿ ಹಾಕಿದರೂ ಯಾರೂ ನಡೆಯರು.

ಹೊಣೆ ಯಾರದು?

1992ರ 74ನೆಯ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಿತು. ಪಟ್ಟಣ ಯೋಜನೆ, ರಸ್ತೆ, ಉದ್ಯಾನ, ನೈರ್ಮಲ್ಯ ಮುಂತಾದ ವಿಷಯಗಳು ಅದರ ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳ ಕಾರ್ಯಗಳಾಗಿ ಸೇರಿವೆ. 1996ರಲ್ಲಿ ಪ್ರಾರಂಭವಾದ ಕೇರಳದ ಜನಕೀಯ ಯೋಜನೆ, ವಾರ್ಡಿನ ಸಭೆಯಲ್ಲಿ ಸಾಮಾನ್ಯ ಜನರೇ ಕೂತು ಯೋಜನೆ ಹಾಕಬಲ್ಲರೆಂಬುದನ್ನು ತೋರಿಸಿಕೊಟ್ಟಿತು. ಆದರೆ ಹೆದ್ದಾರಿ ಒಂದು ಇಲಾಖೆಯದು, ರೈಲು ಮತ್ತೊಂದರದು, ಮೆಟ್ರೊ ಒಂದು ಸಂಸ್ಥೆಯದು, ನದಿ ಇನ್ನೊಂದರದು. ನಡೆಯುವವನ ಕಾಲಿಗೆ ಈ ಗಡಿಗಳು ತಿಳಿಯವು. ಇವರೆಲ್ಲರನ್ನೂ ಒಂದೇ ನಕ್ಷೆಯ ಮುಂದೆ ಕೂರಿಸುವ ಅಧಿಕಾರ ಪೌರಸಭೆಗೆ ದೊರೆಯಬೇಕು.

ಸ್ಕಾಟ್ಲೆಂಡಿನ ಪಟ್ಟಣ ಯೋಜಕರಾದ ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಅನೇಕ ಊರುಗಳಿಗೆ ವರದಿಗಳನ್ನು ಬರೆದರು. ನಕ್ಷೆ ಎಳೆಯುವ ಮೊದಲು ಅವರು ಊರಿನ ಓಣಿ ಓಣಿಯನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಿದ್ದರು. ಹಳೆಯ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆ ಹೊಡೆಯುವುದನ್ನು ವಿರೋಧಿಸಿ, ಅಲ್ಲೊಂದು ಇಲ್ಲೊಂದು ಅಡಚಣೆಯನ್ನು ಮಾತ್ರ ತೆಗೆದು, ಮರ ನೆಟ್ಟು, ಕೆರೆ ಶುಚಿ ಮಾಡಿ ಊರನ್ನು ಗುಣಪಡಿಸಬಹುದೆಂದು ವಾದಿಸಿದರು. ಆಲುವದಂಥ ಪಟ್ಟಣಕ್ಕೆ ಇಂದಿಗೂ ಈ ಸೂಕ್ಷ್ಮ ಚಿಕಿತ್ಸೆಯೇ ತಕ್ಕುದು. ಶಾಲಾ ಮಕ್ಕಳು, ಗರ್ಭಿಣಿಯರು, ದೃಷ್ಟಿಹೀನರು ಯಾವ ದಾರಿಯಲ್ಲಿ ನಡೆಯುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಮೊದಲ ವರ್ಷ ಕಾಲೇಜಿನ ವಿದ್ಯಾರ್ಥಿಗಳಿಂದ ಎಣಿಕೆ ಮಾಡಿಸಿದರೆ ಯೋಜನೆಯ ಅರ್ಧ ಭಾಗ ಮುಗಿದಂತೆ.

ನಮ್ಮ ಊರುಗಳಿಗೆ

ಮಾನ್ಯರೇ, ಇಷ್ಟು ಹೊತ್ತು ಆಲುವದ ಮಾತಾಡಿದರೂ ನಮ್ಮ ಊರುಗಳು ನನ್ನ ಮನಸ್ಸಿನಿಂದ ದೂರವಿರಲಿಲ್ಲ. ಕಪಿಲೆಯ ದಡದ ನಂಜನಗೂಡು, ತುಂಗೆಯ ದಡದ ತೀರ್ಥಹಳ್ಳಿ, ತುಂಗಭದ್ರೆಯ ದಡದ ಹರಿಹರ, ಕಾವೇರಿಯ ನಡುವಿನ ಶ್ರೀರಂಗಪಟ್ಟಣ ಇವೆಲ್ಲವೂ ಆಲುವದ ಒಡಹುಟ್ಟಿದವು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ, ನಂಜನಗೂಡಿನ ದೊಡ್ಡ ಜಾತ್ರೆ ನಮಗೂ ಶಿವರಾತ್ರಿಯ ಪಾಠವನ್ನೇ ಹೇಳುತ್ತವೆ. 2019ರ ಆಗಸ್ಟ್‌ನಲ್ಲಿ ನಂಜನಗೂಡಿಗೆ ನುಗ್ಗಿದ ಕಪಿಲೆ ನಮಗೂ ನದಿಯ ಪಾಲನ್ನು ನೆನಪಿಸಿದೆ. 1903ರಷ್ಟು ಹಿಂದೆಯೇ ಮೈಸೂರು ನಗರಕ್ಕೆ ಸುಧಾರಣಾ ಮಂಡಳಿಯನ್ನು ರಚಿಸಿದ ನಾಡು ನಮ್ಮದು. ಆ ದೂರದೃಷ್ಟಿ ಸಣ್ಣ ಊರುಗಳಿಗೂ ದೊರೆಯಬೇಕು.

ಪಟ್ಟಣದ ಯೋಜನೆ ಸರಿಯೋ ತಪ್ಪೋ ಎಂದು ತಿಳಿಯಲು ದೊಡ್ಡ ಪರಿಣತರೇ ಬೇಕೆಂದಿಲ್ಲ. ಎಂಟು ವರ್ಷದ ಮಗುವೂ ಎಂಬತ್ತು ವರ್ಷದ ಅಜ್ಜಿಯೂ ಕೈಹಿಡಿದು ಮನೆಯಿಂದ ಪೇಟೆಗೆ, ಪೇಟೆಯಿಂದ ನದಿಗೆ ನಡೆದು, ದಡದಲ್ಲಿ ಸ್ವಲ್ಪ ಹೊತ್ತು ಕುಳಿತು, ಕತ್ತಲಾದ ಮೇಲೆ ಯಾರ ಭಯವೂ ಇಲ್ಲದೆ ಮರಳಬಹುದಾದರೆ ಆ ಯೋಜನೆ ಸರಿಯಾಗಿದೆ. ತಮ್ಮ ತಮ್ಮ ಊರಿನ ಮುಂದಿನ ವಾರ್ಡು ಸಭೆಯಲ್ಲಿ ತಾವು ಈ ಒಂದು ಅಳತೆಗೋಲನ್ನು ಮಂಡಿಸಬೇಕೆಂದು ಕೋರುತ್ತೇನೆ.